ತಕ್ಕಮಟ್ಟಿಗೆಯವರಿಗೆ, ಮದ್ದೂರಿನ ಟಾಕೀಸು ಕ್ಯಾಂಟೀನಿನಿಂದ

ಸಕಲ ಸಿನಿಮಾ ವಿಮರ್ಶೆಗಳಲ್ಲಿ ನೆಲೆಸಿರುವ, ಯಾವ ವಾಕ್ಯದಲ್ಲಿ ಕೂತರೂ ಅಲ್ಲಿ ಯಾರಿಗೂ ನೋವಾಗದಂತೆ ನೋಡಿಕೊಳ್ಳುವ ಮಾನ್ಯ 'ತಕ್ಕಮಟ್ಟಿಗೆ' ಎಂಬ ಪದದವರೇ, ತಮಗೆ ಮದ್ದೂರಿನ ಟಾಕೀಸಿನಲ್ಲಿ ಕ್ಯಾಂಟೀನು ನಡೆಸುವ ಕೆಂಪಸಿದ್ದಯ್ಯನ ನಮಸ್ಕಾರಗಳು.

ಮೊದಲಿಗೆ ತಮ್ಮಿಂದ ನನಗಾದ ಖರ್ಚನ್ನು ತಮ್ಮ ಗಮನಕ್ಕೆ ತರುತ್ತೇನೆ. ಹಾಳಾದ ವಡೆ ಹಿಟ್ಟು, ಒಂದು ಬೋಗುಣಿ ತುಂಬ. ಸುಮ್ಮನೆ ಕಾದು ಕಪ್ಪಾದ ಎಣ್ಣೆ, ಒಂದು ಬಾಣಲೆ. ಇಂಟರ್‌ವಲ್ಲಿನಲ್ಲಿ ವಡೆ ಸಿಗದ ಗಿರಾಕಿಗಳು ನನ್ನ ವಂಶದ ಬಗ್ಗೆ ಆಡಿದ ಮಾತು, ಲೆಕ್ಕಕ್ಕೆ ಸಿಕ್ಕಿಲ್ಲ. ಹಳೇ ಸ್ನೇಹ ಒಂದು, ಮುರಿದಿಲ್ಲ, ಬಿರುಕು ಬಿಟ್ಟಿದೆ. ಮನೆಯಲ್ಲಿ ಒಂದು ವಾರದ ಬಿಸಿ ಸಾರು. ಅದರ ವಿವರ ಮುಂದೆ ಬರುತ್ತದೆ.

ತಾವು ದೊಡ್ಡವರು, ಕ್ಯಾಂಟೀನಿನ ಕಷ್ಟ ತಮಗೆ ತಿಳಿದಿರಲಾರದು. ನಮ್ಮ ಟಾಕೀಸಿನಲ್ಲಿ ಬೆಳಗಿನ ಆಟವಿಲ್ಲ, ಮ್ಯಾಟ್ನಿಯಿಂದ ಶುರು. ಹೊಸ ಚಿತ್ರ ಬಂದ ಶುಕ್ರವಾರ ನನ್ನ ಸ್ನೇಹಿತ ಜವರಯ್ಯ ಮಂಡ್ಯದಲ್ಲಿ ಬೆಳಗಿನ ಆಟ ನೋಡಿ ಬಸ್ಸು ಹತ್ತಿ ಬರುವುದು, ನಾನು ಬಾಣಲೆ ಮುಂದೆ ಕಾಯುವುದು, ಅವನ ಮಾತಿನ ಮೇಲೆ ಇಂಟರ್‌ವಲ್ಲಿಗೆ ಎಷ್ಟು ಹಿಟ್ಟು ಕಲಸಬೇಕೆಂದು ತೀರ್ಮಾನವಾಗುವುದು, ಇದು ನಮ್ಮಿಬ್ಬರ ಮೀಸೆ ಕಪ್ಪಗಿದ್ದ ಕಾಲದಿಂದ ನಡೆದುಬಂದ ಪದ್ಧತಿ. ಫೋನಿನಲ್ಲೇ ಹೇಳಿಬಿಡು ಎಂದರೆ ಒಪ್ಪುವುದಿಲ್ಲ. ತೀರ್ಪು ಎದುರಿಗೆ ನಿಂತು ಕೊಡಬೇಕು ಎನ್ನುತ್ತಾನೆ, ಎದುರಿಗೆ ನಿಂತರೆ ಬಿಸಿ ವಡೆಯೂ ಸಿಗುತ್ತದೆ. ಮೊಬೈಲಿನಲ್ಲಿ ಚಿತ್ರಗಳಿಗೆ ನಕ್ಷತ್ರ ಹಂಚುವವರಿದ್ದಾರೆ, ನಿಜ. ಅವರ ಮೂರೂವರೆ ನಕ್ಷತ್ರಕ್ಕೆ ಎಷ್ಟು ಸೇರು ರವೆ ಬೇಕೆಂದು ಅವರಲ್ಲಿ ಒಬ್ಬರೂ ಬರೆದಿಲ್ಲ. ಜವರಯ್ಯನದು ಎರಡೇ ಮಾತು. "ಇಟ್ಟು ಕಲ್ಸ್ಲಾ" ಎಂದರೆ ಚಿತ್ರ ಓಡುತ್ತದೆ. "ಬಾಣ್ಲೆ ಇಳ್ಸ್ಲಾ" ಎಂದರೆ ಓಡುವುದಿಲ್ಲ. ಇಷ್ಟು ವರ್ಷಗಳಲ್ಲಿ ಒಂದು ವಡೆಯೂ ಮಾರನೆಯ ದಿನಕ್ಕೆ ಉಳಿದದ್ದಿಲ್ಲ.

ಹೀಗಿರುವಾಗ ಮಂಡ್ಯದಲ್ಲಿ ಯಾರೋ ಪುಣ್ಯಾತ್ಮರು ಚಲನಚಿತ್ರ ರಸಗ್ರಹಣ ಶಿಬಿರ ಏರ್ಪಡಿಸಿದರು. ಊಟ ಉಂಟು ಎಂದು ಕೇಳಿ ಹೋದ ಜವರಯ್ಯ ಸಂಜೆಯವರೆಗೆ ಕೂತ. ಬರುವಾಗ ಕೈಯಲ್ಲಿ ಪ್ರಮಾಣಪತ್ರ, ಹೆಗಲಿಗೆ ಬಟ್ಟೆಯ ಚೀಲ, ಚೀಲದೊಳಗೆ ತಾವು. ಮುಂದಿನ ಶುಕ್ರವಾರ ಬಸ್ಸಿಳಿದು, ಚೀಲ ಸರಿಮಾಡಿಕೊಂಡು, ಆಕಾಶ ನೋಡುತ್ತ "ತಕ್ಕಮಟ್ಟಿಗೆ ಚೆನ್ನಾಗ್ ಅದೆ" ಎಂದ. ಕಲಸಲೋ ಇಳಿಸಲೋ ಎಂದು ಕೇಳಿದೆ. ಅದು ನಿನ್ನ ಗ್ರಹಿಕೆಗೆ ಬಿಟ್ಟದ್ದು ಎಂದ. ಗ್ರಹಿಸಿ ಅರ್ಧ ಹಿಟ್ಟು ಕಲಸಿದೆ; ಟಾಕೀಸು ತುಂಬಿ ಜನ ಗೋಡೆಗೊರಗಿ ನಿಂತರು. ಮುಂದಿನ ವಾರವೂ ಅದೇ ಮಾತು. ಬುದ್ಧಿ ಕಲಿತವನಾದ್ದರಿಂದ ಪೂರ್ತಿ ಕಲಸಿದೆ. ಬಾಲ್ಕನಿಯಲ್ಲಿ ಪಾರಿವಾಳಗಳು ಕೂತು ಚಿತ್ರ ನೋಡಿದವು.

ಹಾಗೆಂದು ತಮ್ಮ ಗುಣಗಳನ್ನು ಗುರುತಿಸದಷ್ಟು ಕೃತಘ್ನ ನಾನಲ್ಲ. ಪೇಪರಿನಲ್ಲಿ ಓದುತ್ತಿರುತ್ತೇನೆ: ನಾಯಕನ ಅಭಿನಯ ತಕ್ಕಮಟ್ಟಿಗೆ ಸಹಜ, ಹೊಡೆದಾಟ ತಕ್ಕಮಟ್ಟಿಗೆ ರೋಚಕ, ಕೊನೆಯಲ್ಲಿ ತಾಯಿಯ ಸಾವು ತಕ್ಕಮಟ್ಟಿಗೆ ಮನ ಕಲಕುತ್ತದೆ. ಇಷ್ಟು ಬರೆದವನಿಗೆ ನಿರ್ಮಾಪಕ ಎದುರು ಸಿಕ್ಕರೂ ನಗಬಹುದು, ಟಿಕೆಟ್ಟಿಗೆ ದುಡ್ಡು ಕಳೆದುಕೊಂಡವನು ಸಿಕ್ಕರೂ ನಗಬಹುದು. ಹೆಲ್ಮೆಟ್ಟು ಕೂಡ ಇಷ್ಟು ಕಡೆಯಿಂದ ಕಾಪಾಡುವುದಿಲ್ಲ. ಈ ಭಕ್ತಿಯಲ್ಲೇ ತಮ್ಮನ್ನು ಒಂದು ದಿನ ಮನೆಗೂ ಕರೆದುಕೊಂಡು ಹೋಗಿ, ನನ್ನ ಹೆಂಡತಿ ಚಿಕ್ಕಬೋರಮ್ಮ ಸಾರು ಹೇಗಿದೆ ಎಂದು ಕೇಳಿದಾಗ ತಕ್ಕಮಟ್ಟಿಗೆ ಚೆನ್ನಾಗಿದೆ ಎಂದುಬಿಟ್ಟೆ. ವಾರವಿಡೀ ಸಾರು ತಕ್ಕಮಟ್ಟಿಗೆ ಬಿಸಿಯಾಗಿ ಬಂತು.

ಆದಕಾರಣ ತಮ್ಮಲ್ಲಿ ನನ್ನ ವಿನಂತಿ ಏನೆಂದರೆ, ತಾವು ಪ್ರತಿ ಶುಕ್ರವಾರ ಖುದ್ದಾಗಿ ಮದ್ದೂರಿಗೆ ಬಂದು ನಮ್ಮ ಗೇಟಿನ ಪಕ್ಕ ನಿಲ್ಲಬೇಕು, ತಾವು ಎಷ್ಟು ಎತ್ತರ, ಎಷ್ಟು ದಪ್ಪ ಎಂದು ನಾನು ಒಮ್ಮೆ ಕಣ್ಣಳತೆ ಮಾಡಿಕೊಂಡರೆ ರವೆ, ಮೈದಾ, ಈರುಳ್ಳಿಯನ್ನು ಅದಕ್ಕೆ ಹೊಂದಿಸಿಕೊಳ್ಳುತ್ತೇನೆ. ಬರಲು ಬಿಡುವಿಲ್ಲವಾದರೆ ಪ್ರತಿನಿಧಿಯನ್ನು ಕಳಿಸಿ. 'ಬಹುಶಃ' ಎಂಬುವರು ಖಾಲಿ ಇದ್ದರೆ ಅವರಾದರೂ ಆದೀತು. ಅದೂ ಆಗದಿದ್ದರೆ ಸಿನಿಮಾ ಬಿಟ್ಟು ಹವಾಮಾನ ಇಲಾಖೆಗೆ ವರ್ಗ ಮಾಡಿಸಿಕೊಳ್ಳಿ, ಅಲ್ಲಿ ತಮ್ಮಂಥವರಿಗೆ ವರ್ಷಪೂರ್ತಿ ಕೆಲಸವಿದೆ ಎಂದು ಕೇಳಿದ್ದೇನೆ.

ಇಷ್ಟಕ್ಕೇ ನಾನು ಪತ್ರ ಬರೆಯುತ್ತಿರಲಿಲ್ಲ. ಹೋದ ಶುಕ್ರವಾರ ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಿಂದ ಚಿಕ್ಕಮಾದು ಎಂಬಾತ ಊರವರನ್ನೆಲ್ಲ ಟೆಂಪೋದಲ್ಲಿ ತುಂಬಿಕೊಂಡು ಬಂದ. ಅವನ ಮಗಳು ವನಜಾ ಆ ದಿನ ಬಿಡುಗಡೆಯಾದ ಚಿತ್ರದಲ್ಲಿ ಪಾತ್ರ ಮಾಡಿದ್ದಳು, ಇನ್ನೊಂದು ಚಿತ್ರಕ್ಕೂ ಕರೆ ಬಂದಿತ್ತು. ಅಪ್ಪನ ಷರತ್ತು ಇಷ್ಟೇ: ಮಗಳು ತೆರೆಯ ಮೇಲೆ ಕಂಡರೆ ಆ ಇನ್ನೊಂದಕ್ಕೂ ಹೋಗಬಹುದು, ಕಾಣದಿದ್ದರೆ ಸೋಮವಾರವೇ ಬಿ.ಎಡ್.ಗೆ ಅರ್ಜಿ ಹಾಕಬೇಕು. ಅವಳು ಸಿಕ್ಕಸಿಕ್ಕಲ್ಲಿ ಬಣ್ಣ ಹಚ್ಚಿಕೊಂಡು ಕಾಯುತ್ತ ಕೂರುವುದು ಅವನಿಗೆ ಸೇರದು. ಪಾಠ ಹೇಳುವುದು ಅವಳಿಗೆ ಸೇರದು. ಟಿಕೆಟ್ಟು ಕೊಳ್ಳುವ ಮೊದಲು ಮಂಡ್ಯದ ಸುದ್ದಿ ತಿಳಿಯಲಿ ಎಂದು ಟೆಂಪೋ ನನ್ನ ಕ್ಯಾಂಟೀನಿನ ಮುಂದೆಯೇ ನಿಂತಿತು.

ಜವರಯ್ಯ ಬಸ್ಸಿಳಿದ. ಮಗಳು ಇದ್ದಾಳಾ ಎಂದು ಚಿಕ್ಕಮಾದು ಕೇಳಿದ. ಜವರಯ್ಯ ಟೆಂಪೋದ ಕಿಟಕಿಯಲ್ಲಿದ್ದ ಹುಡುಗಿಯ ಮುಖ ನೋಡಿದ, ತನ್ನ ಚೀಲ ನೋಡಿಕೊಂಡ, ತಕ್ಕಮಟ್ಟಿಗೆ ಇದ್ದಾಳೆ ಎಂದ. ಎರಡು ವಾರ ಪೆಟ್ಟು ತಿಂದಿದ್ದ ನಾನು ಮತ್ತೆ ಅರ್ಧ ಹಿಟ್ಟು ಕಲಸಿ, ಬಾಗಿಲ ಸಂದಿಯಿಂದ ನಾನೂ ಚಿತ್ರ ನೋಡಿದೆ.

ವನಜಾ ತಾನಿರುವೆನೆಂದು ಹೇಳಿದ್ದ ಮದುವೆ ಮನೆಯ ದೃಶ್ಯ. ಹಸಿರು ಸೀರೆಯ ಹುಡುಗಿಯೊಬ್ಬಳು ಆರತಿ ತಟ್ಟೆ ಹಿಡಿದು ಎಡಗಡೆಯಿಂದ ಬಂದಳು. ಅದೇ ಹೊತ್ತಿಗೆ ನಾಯಕ ಖಳನಾಯಕನನ್ನು ಹೊಡೆಯಲು ಕೈ ಎತ್ತಿದ. ಆ ಮೊಣಕೈ ಹುಡುಗಿಯ ಮುಖದಷ್ಟೇ ಅಗಲವಿತ್ತು. ಕೈ ಕೆಳಗಿಳಿಯುವ ಹೊತ್ತಿಗೆ ಹುಡುಗಿ ಬಲಗಡೆಯಿಂದ ಹೊರಟುಹೋಗಿದ್ದಳು. ತಟ್ಟೆ ಮಾತ್ರ ಪೂರ್ತಿ ಕಾಣಿಸಿತು.

ಇಂಟರ್‌ವಲ್ಲಿನಲ್ಲಿ ಪೂರಿಗಾಲಿ ಎರಡು ಪಾರ್ಟಿಯಾಯಿತು. ತಟ್ಟೆ ಹಿಡಿದ ಕೈ ನಮ್ಮ ವನಜಾಳದೇ ಎಂದು ಒಂದು ಪಾರ್ಟಿ, ಅಂಥ ಕೈ ಮಳವಳ್ಳಿ ಸಂತೆಯಲ್ಲಿ ಎಷ್ಟು ಬೇಕಾದರೂ ಸಿಗುತ್ತವೆ ಎಂದು ಇನ್ನೊಂದು. ಈ ಜಗಳದಲ್ಲಿ ವಡೆ ಖಾಲಿಯಾಯಿತು, ಜಗಳ ಖಾಲಿಯಾಗಲಿಲ್ಲ. ಚಿಕ್ಕಮಾದು ಗುಂಪು ಸರಿಸಿಕೊಂಡು ನೇರ ನನ್ನ ಮುಂದೆ ಬಂದು ನಿಂತ.

"ಅಣ್ಣ, ಜವರಣ್ಣ ಸರ್ಟಿಫಿಕೇಟ್ ತಕ್ಕಂಡವ್ನೆ, ಅವ್ನ ಮಾತು ನಂಗೆ ತಿಳಿಯಾಕಿಲ್ಲ. ನೀನು ಇದ್ದುದ್ನ ಇದ್ದಂಗೆ ಯೋಳೋನು. ನನ್ ಮಗ್ಳು ಅದ್ರಲ್ಲಿ ಅವ್ಳಾ, ಇಲ್ವಾ?"

ಅವನ ಹಿಂದೆ ವನಜಾ ಟಿಕೆಟ್ಟಿನ ಚೂರನ್ನು ಮಡಿಸುತ್ತಿದ್ದಳು, ಇನ್ನು ಮಡಿಸಲಾಗದಷ್ಟು ಸಣ್ಣದಾದ ಮೇಲೂ ಮಡಿಸುತ್ತಿದ್ದಳು. ಇದ್ದಾಳೆ ಎಂದರೆ ಸುಳ್ಳಾಗುತ್ತಿತ್ತು. ಇಲ್ಲ ಎಂದರೆ ಅದೂ ಸುಳ್ಳೇ. ಆ ತಟ್ಟೆ ತಾನಾಗಿಯೇ ನಡೆದುಕೊಂಡು ಹೋಗಿರಲಿಲ್ಲ. ನನ್ನ ಹತ್ತಿರ ಇದ್ದ ಎರಡು ಮಾತೂ ಮುಗಿದವು. ಆಗ, ಮಾನ್ಯರೇ, ಕರೆಯದೆಯೇ ತಾವು ಬಂದಿರಿ.

"ತಕ್ಕಮಟ್ಟಿಗೆ ಅವ್ಳೆ ಕಣಪ್ಪ" ಎಂದೆ.

ಚಿಕ್ಕಮಾದು ಮಗಳ ಕಡೆ ತಿರುಗದೆ ನನಗೇ ಹೇಳಿದ.

"ಅಂಗಾರೆ ಇನ್ನೊಂದ್ ದಪ ಓಗ್ಲಿ ಬುಡು. ಮಿಕ್ಕಿದ್ದೂ ಕಾಣ್ಲಿ."

ಆದ್ದರಿಂದ ದೂರನ್ನು ಹಿಂತೆಗೆದುಕೊಳ್ಳಬೇಕೋ ಮುಂದುವರಿಸಬೇಕೋ ಎಂಬ ಬಗ್ಗೆ ನಾನು ಇನ್ನೂ ತೀರ್ಮಾನಿಸಿಲ್ಲವೆಂದು ವಿನಯದಿಂದ ತಿಳಿಸುತ್ತೇನೆ.

ಬೇಡವೆಂದರೂ ತಮ್ಮ ವಿಶ್ವಾಸಿಯಾಗಿಬಿಟ್ಟಿರುವ,
ಕೆಂಪಸಿದ್ದಯ್ಯ

ಮರೆತ ಮಾತು: ಈ ವ್ಯವಹಾರದಲ್ಲಿ ಯಾರಿಗೆ ಏನು ಸಿಕ್ಕಿತೆಂಬುದು ತಮಗೂ ತಿಳಿದಿರಲಿ. ವನಜಾಗೆ ಇನ್ನೊಂದು ಸಿನಿಮಾ. ಚಿಕ್ಕಮಾದುವಿಗೆ ಮಗಳ ಒಂದು ಕೈ, ಮಿಕ್ಕಿದ್ದರ ಭರವಸೆ. ಪೂರಿಗಾಲಿಗೆ ಮುಂದಿನ ಚಿತ್ರದವರೆಗೆ ಆಗುವಷ್ಟು ಜಗಳ. ನಾಯಕನಿಗೆ ಪೂರ್ತಿ ಮೊಣಕೈ. ಜವರಯ್ಯನಿಗೆ ನನ್ನ ಬಾಯಲ್ಲೂ ಅದೇ ಮಾತು ಬಂತೆಂಬ ನಗು. ತಮಗೆ ಒಬ್ಬ ಹೊಸ ಗಿರಾಕಿ. ನನಗೆ ಏನೂ ಇಲ್ಲ. ಈ ಒಂದು ವಾಕ್ಯದೊಳಗೆ ತಾವು ಬರುವುದು ಬೇಡ.