ಸಿನಾಯ್‌ಗೆ ಹೊರಟ ಪೆಟ್ಟಿಗೆ

ರಾಜಧಾನಿ ಸುವಾಕ್ಕೆ ಹೊರಟ ಬಸ್ಸಿನಲ್ಲಿ ಅಪೆನಿಸಾ ಕಿಟಕಿ ಪಕ್ಕದ ಸೀಟು ಹಿಡಿದದ್ದೇ ತಪ್ಪಾಯಿತು. ದಢೂತಿ ಹೆಂಗಸು ಅಕೋಸಿತಾ ಪಕ್ಕದಲ್ಲೇ ಬಂದು ಕೂತಳು. ಎದ್ದು ಓಡೋಣವೆಂದರೆ ದಾರಿಯಿಲ್ಲ.

ಅಪೆನಿಸಾನ ತೊಡೆಯ ಮೇಲೆ ರಟ್ಟಿನ ಪೆಟ್ಟಿಗೆ. ಸಿನಾಯ್ ಮರಳುಗಾಡಿನಲ್ಲಿ ಶಾಂತಿಪಡೆಯ ಕಾವಲಿಗಿರುವ ಮಗ ಸೈಮೊನಿಗೆಂದು ಹೆಂಡತಿ ಲೊಸಾನಾ ಕಟ್ಟಿಕೊಟ್ಟದ್ದು. ನೀರಲ್ಲಿ ಕಲಸಿ ಕುಡಿಯೋ ಯಾಂಗೊನ ಪುಡಿ, ಕೊಬ್ಬರಿ ಮಿಠಾಯಿ, ಮೀನಿನ ಡಬ್ಬಿಗಳು. ಮಧ್ಯಾಹ್ನದೊಳಗೆ ಸೇನಾ ಶಿಬಿರದ ಗೇಟಿಗೆ ಮುಟ್ಟಿಸಬೇಕು. ತಪ್ಪಿದರೆ ಮತ್ತೆ ಕ್ರಿಸ್‌ಮಸ್ಸಿಗೇ ವಿಮಾನ. ಪೆಟ್ಟಿಗೆ ಕೊಡದೆ ಮನೆ ಮೆಟ್ಟಿಲು ಹತ್ತಬೇಡ ಅಂತ ಲೊಸಾನಾ ಹೇಳೇ ಕಳಿಸಿದ್ದಳು.

ಯಾವೂರಪ್ಪ ಅಂತ ಅಕೋಸಿತಾ ಕೇಳಿದಳು. ಪಾಪ, ಇವನು ನಿಜ ಹೇಳಿಬಿಟ್ಟ. ಇಬ್ಬರ ಊರಿಗೂ ಮೂಲಪುರುಷ ಒಬ್ಬನೇ, ಅಂದರೆ ಇಬ್ಬರೂ ತೌವು. ತೌವು ಏನಕ್ಕೆ ಕೈಹಾಕಿದರೂ ಬೇಡ ಅನ್ನುವ ಹಾಗಿಲ್ಲ, ಮುಖ ಗಂಟಿಕ್ಕುವ ಹಾಗೂ ಇಲ್ಲ. ನಗಬೇಕು ಅಷ್ಟೇ. ಅವಳು ಯಾಂಗೊನ ತಗೊಂಡಳು, ನಕ್ಕ. ಮಿಠಾಯಿ ತಗೊಂಡಳು, ನಕ್ಕ. ಮೀನಿನ ಡಬ್ಬಿಗೆ ಕೈಹಾಕುವಾಗ ನಗುತ್ತಲೇ ಅವನ ಕಣ್ಣಲ್ಲಿ ನೀರು ಬಂತು. ಬಸ್ಸಿನವರೆಲ್ಲ ಚಪ್ಪಾಳೆ ತಟ್ಟಿ ಅವಳನ್ನೇ ಹುರಿದುಂಬಿಸಿದರು.

ಇಳಿಯುವಾಗ ಪೆಟ್ಟಿಗೆಯಲ್ಲಿ ಉಳಿದದ್ದು ಸಂದಿಗೆ ತುರುಕಿದ್ದ ಹಳೇ ಪೇಪರು ಮಾತ್ರ. ಖಾಲಿ ಪೆಟ್ಟಿಗೆ ಹೊತ್ತು ಶಿಬಿರದ ಗೇಟಿಗೆ ಬಂದರೆ, ಸಾಲಿನಲ್ಲಿ ಅಕೋಸಿತಾ! ಇಷ್ಟು ಹೊತ್ತು ಬಸ್ಸಿನ ಹಿಂದೆ ಇಟ್ಟಿದ್ದ ಅವಳದೇ ದೊಡ್ಡ ಪೆಟ್ಟಿಗೆ ಪಕ್ಕದಲ್ಲಿತ್ತು. ಆಗ ಹೊಳೆಯಿತು ಅಪೆನಿಸಾಗೆ: ತೌವು ಅಂದಮೇಲೆ ಆ ಹಕ್ಕು ತನಗೂ ಉಂಟಲ್ಲ! ಖುಷಿಯಲ್ಲಿ ನುಗ್ಗಿ, ತನ್ನದನ್ನೂ ಎತ್ತಿಕೊಂಡ, ಅವಳದನ್ನೂ ಬಾಚಿಕೊಂಡ. ಈಗ ಚಪ್ಪಾಳೆ ಇವನಿಗೆ. ಗೇಟಿನ ಹವಾಲ್ದಾರನೂ ಹೊಟ್ಟೆ ಹಿಡಿದು ನಕ್ಕ.

ಅಕೋಸಿತಾನೂ ನಗಲೇಬೇಕು, ನಕ್ಕಳು. ಆಮೇಲೆ ಅವನ ಪೆಟ್ಟಿಗೆಯ ಮೇಲಿನ ಹೆಸರಿಗೆ ಬೆರಳು ಮಾಡಿದಳು.

"ಅಷ್ಟು ಸೀಟು ಖಾಲಿ ಇದ್ರೂ ನಿನ್ನ ಪಕ್ಕಾನೇ ಯಾಕೆ ಕೂತೆ ಗೊತ್ತಾ? ಈ ಹೆಸರು ನೋಡಿ. ನನ್ನ ಮಗಾನೂ ಇದೇ ಸೈಮೊನಿ ಡೇರೇಲಿದ್ದ ಕಣಯ್ಯ. ನಾನು ಕಳಿಸಿದ ಒಂದು ಚೂರು ಮಿಠಾಯೀನೂ ಅವನ ಬಾಯಿಗೆ ಬೀಳಲಿಲ್ಲ. ಎಲ್ಲಾ ನಿನ್ನ ಮಗಾನೇ ತೌವು ತೌವು ಅಂತ ನುಂಗಿದ."

ಚಪ್ಪಾಳೆ ನಿಂತುಹೋಯಿತು. ಸಾಲಿನವರೆಲ್ಲ ತನ್ನನ್ನೇ ನೋಡುತ್ತಿರಲು ಅಪೆನಿಸಾಗೆ ನಾಚಿಕೆಯಾಯಿತು. ಒಂದೊಂದನ್ನೇ ಅವಳ ಪೆಟ್ಟಿಗೆಗೆ ತುಂಬಿದ, ತನ್ನದನ್ನೂ ಸೇರಿಸಿ. ತುಂಬುತ್ತಾ ಸಮಾಧಾನ ಮಾಡಿಕೊಂಡ.

"ಹೋಗ್ಲಿ ಬಿಡು. ಡೇರೆ ಒಂದೇ ಅಂದ್ಮೇಲೆ, ಹೇಗಿದ್ರೂ ನನ್ನ ಮಗಾನೇ ತಿಂತಾನೆ."

"ಇದ್ದ ಅಂದೆ, ಇದಾನೆ ಅಂದ್ನಾ? ಹೋದ ವಾರವೇ ಬೇರೆ ಠಾಣೆಗೆ ವರ್ಗ ಹಾಕಿಸ್ಕೊಂಡ." ಅಕೋಸಿತಾ ಇವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅಂದ್ಹಾಗೆ ತೌವು, ನಿನ್ನ ಅಂಗಿ ಅವನಿಗೆ ಸರಿಯಾಗಿ ಹಿಡಿಯುತ್ತೆ."

ಅಪೆನಿಸಾ ನಗುತ್ತಾ ಗುಂಡಿ ಬಿಚ್ಚತೊಡಗಿದ.