ಬಾಣಲೆ ಇಡದ ಚಕ್ಕುಲಿ

ಈ ದೀಪಾವಳಿಗೆ ಒಲೆಯ ಮೇಲೆ ಬಾಣಲೆ ಇಡದೆ, ಒಂದು ತೊಟ್ಟು ಎಣ್ಣೆ ಮುಟ್ಟದೆ, ಅತ್ತಿಗುಪ್ಪೆಯಲ್ಲಿ ಯಾರೂ ಕಂಡಿರದಂಥ ಹಗುರವಾದ ಚಕ್ಕುಲಿ ಮಾಡಿಯೇ ತೀರುತ್ತೇನೆ ಎಂದು ಬೋರಮ್ಮ ಶಪಥ ಮಾಡಿದಳು. ಅದನ್ನು ಕೇಳಿಸಿಕೊಂಡದ್ದು ಗೋಡೆಯ ಮೇಲಿದ್ದ ಕೆಂಚಪ್ಪನ ಫೋಟೊ ಒಂದೇ. ಅದು ಸುಮ್ಮನಿತ್ತು. ಬದುಕಿದ್ದಾಗಲೂ ಕೆಂಚಪ್ಪ ಹೆಂಡತಿಯ ಶಪಥ ಕೇಳಿ ಹೀಗೇ ಸುಮ್ಮನೆ ಕೂತಿರುತ್ತಿದ್ದ.

ಕೆಂಚಪ್ಪ ತೀರಿಕೊಂಡು ಏಳು ತಿಂಗಳಾಗಿತ್ತು. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬಕ್ಕೆ ಬಾಣಲೆ ಇಡುವ ಹಾಗಿಲ್ಲ. ಕರಿದ ತಿಂಡಿ ನೆಂಟರ ಮನೆಯಿಂದ ಬರಬೇಕು. ಬೋರಮ್ಮನಿಗೆ ಹತ್ತಿರದ ನೆಂಟಳೆಂದರೆ ಒಬ್ಬಳೇ, ಕೆಂಗೇರಿಯಲ್ಲಿದ್ದ ನಾದಿನಿ ಚಿಕ್ಕಗಂಗಮ್ಮ. ತೊಂದರೆ ಇದ್ದದ್ದೇ ಅಲ್ಲಿ. ಗಂಗಮ್ಮನ ಚಕ್ಕುಲಿಗೆ ಹಲ್ಲು ಸಾಲದು, ಸುತ್ತಿಗೆ ಬೇಕು. ಎರಡು ವರ್ಷದ ಹಿಂದೆ ಕೆಂಚಪ್ಪನ ದವಡೆ ಹಲ್ಲಿನ ಚೂರೊಂದು ಅದರಲ್ಲೇ ಹೋಯಿತು. ತಂಗಿಯ ಮುಂದೆ ಹಲ್ಲನ್ನೂ ಚಕ್ಕುಲಿಯನ್ನೂ ಒಟ್ಟಿಗೆ ನುಂಗಿ, ಮನೆಗೆ ಬಂದ ಮೇಲೆ ಹೆಂಡತಿಯ ಹತ್ತಿರ ಬಾಯಿ ಬಿಟ್ಟ.

"ಗಂಗಿ ಚಕ್ಲಿ ಕಲ್ಲು ಕಣೇ. ಚಕ್ಲಿ ಅಂದ್ರೆ ನಿಂದೇ ಚಕ್ಲಿ."

ಆ ಮಾತನ್ನು ಬೋರಮ್ಮ ಒಡವೆಯಂತೆ ಜೋಪಾನ ಮಾಡಿದ್ದಳು. ಗಂಡ ಮಾಡಿಸಿಕೊಟ್ಟ ಬೇರೆ ಒಡವೆ ಹೇಳಿಕೊಳ್ಳುವಷ್ಟು ಇರಲಿಲ್ಲ.

ಅದು ಎಣ್ಣೆಗೆ ಕ್ಯೂ ನಿಲ್ಲುತ್ತಿದ್ದ ಕಾಲ. ವಿಜಯನಗರದ ಮುನಿಯಪ್ಪನ ದಿನಸಿ ಅಂಗಡಿಯಲ್ಲಿ ಐದು ರೂಪಾಯಿ ಸಾಮಾನು ಕೊಂಡರೆ ಒಂದು ಗುಲಾಬಿ ಬಣ್ಣದ ಕೂಪನ್ನು ಕೊಡುತ್ತಿದ್ದರು. ನಲವತ್ತು ಕೂಪನ್ನು ಸೇರಿಸಿದರೆ ದೀಪಾವಳಿಗೆ ಒಂದು ಡಬ್ಬಿ ಕಡ್ಲೆಕಾಯಿ ಎಣ್ಣೆ ಬಿಟ್ಟಿ. ಕೆಂಚಪ್ಪ ಬಿನ್ನಿಪೇಟೆಯ ಮಿಲ್ಲಿನಿಂದ ಬರುವಾಗೆಲ್ಲ ಅಂಗಡಿಗೆ ನುಗ್ಗುತ್ತಿದ್ದ. ಕೂಪನ್ನಿಗಾಗಿ ಸೋಪು ತಂದ. ಆ ಸೋಪು ನೀರು ಕಾಣುವ ಮುಂಚೆ ಮತ್ತೆ ಸೋಪು ತಂದ. ಇಡೀ ಅತ್ತಿಗುಪ್ಪೆಗೆ ಎರಡೆರಡು ಸಲ ಸ್ನಾನ ಮಾಡಿಸುವಷ್ಟು ಸೋಪು ಅಟ್ಟದ ಮೇಲೆ ಬಿತ್ತು. ಹೀಗೆ ಮೂವತ್ತೊಂಬತ್ತು ಕೂಪನ್ನು ಸೇರಿಸಿದವನು ನಲವತ್ತನೆಯದನ್ನು ತರದೆ ಹೊರಟುಹೋದ.

ಆ ಒಂದನ್ನು ಬೋರಮ್ಮ ತಂದಳು.

"ಏನ್ ಕೊಡ್ಲಿ ಬೋರಮ್ಮ?" ಎಂದ ಮುನಿಯಪ್ಪ.

"ಸೋಪು ಬಿಟ್ಟು ಏನಾದ್ರೂ ಕೊಡಪ್ಪ."

ಎಣ್ಣೆ ಡಬ್ಬಿ ಮನೆಗೆ ಬಂದು ಫೋಟೊದ ಕೆಳಗೆ ಕೂತಿತು. ಕೂತ ಮೂರನೇ ದಿನಕ್ಕೆ ಗಂಗಮ್ಮ ಬಂದಳು. ಬಂದವಳ ಕಣ್ಣು ಮೊದಲು ಅಣ್ಣನ ಫೋಟೊದ ಮೇಲೆ, ಆಮೇಲೆ ಡಬ್ಬಿಯ ಮೇಲೆ ಬಿತ್ತು. ಡಬ್ಬಿಯ ಮೇಲೇ ನಿಂತಿತು.

"ನೀವು ಹೆಂಗೂ ಬಾಣಲೆ ಇಡಂಗಿಲ್ಲ ಅತ್ಗೆ. ಡಬ್ಬಿ ನಂಗೆ ಕೊಡಿ. ನಿಮ್ಮ ಪಾಲಿನ ಚಕ್ಲೀನೂ ನಾನೇ ಕರ್ದು ತರ್ತೀನಿ."

ಗಂಡ ಸೋಪು ಹೊತ್ತು ಸಂಪಾದಿಸಿದ ಎಣ್ಣೆಯನ್ನು ಗಂಗಿಯ ಕಲ್ಲಿಗೆ ಸುರಿಯುವುದೇ? ಬೋರಮ್ಮ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ನೀನೇನೂ ತರೋದು ಬೇಡ. ಈ ಸಲ ನಮ್ಮನೇಲಿ ಎಣ್ಣೆ ಇಲ್ದಿರೋ ಚಕ್ಲಿ. ಹೊಟ್ಟೆಗೆ ಹಗುರ."

"ಬಾಣಲೆ?"

"ಬಾಣಲೆನೂ ಇಲ್ಲ."

"ಮತ್ತೆ ಹೆಂಗೆ? ಸಂಡಿಗೆ ಥರ ಬಿಸ್ಲಲ್ಲಿ ಹಾಕ್ತೀರಾ?"

"ಹಬ್ಬಕ್ಕೆ ಬಂದು ನೋಡು."

ಹೇಗೆ ಎಂದು ಬೋರಮ್ಮನಿಗೂ ಗೊತ್ತಿರಲಿಲ್ಲ. ಶಪಥ ಮಾಡಿದ್ದು ಗಂಗಮ್ಮ ಬಸ್ಸು ಹತ್ತಿದ ಮೇಲೆ. ಉಪಾಯ ಹೊಳೆದದ್ದು ಅದರ ಮಾರನೇ ದಿನ, ವಿಜಯನಗರದ ನಂಜುಂಡಪ್ಪನ ಬೇಕರಿ ಮುಂದೆ ಹಾಯುವಾಗ. ಹಬ್ಬ ಬಂದರೆ ಜನ ಮನೆಯಲ್ಲೇ ಬಿಸ್ಕತ್ತಿನ ಹಿಟ್ಟು ಕಲಸಿ ತಂದು ಅವನ ಒಲೆಯಲ್ಲಿ ಬೇಯಿಸಿಕೊಂಡು ಹೋಗುತ್ತಿದ್ದರು. ಬಿಸ್ಕತ್ತು ಬೇಯುವ ಕಡೆ ಚಕ್ಕುಲಿ ಬೇಯುವುದಿಲ್ಲವೇ? ಬೇಕರಿಯಲ್ಲಿ ಯಾರ ಸಾವೂ ಆಗಿಲ್ಲ. ಬಾಣಲೆಯೂ ಇಲ್ಲ. ಶಾಸ್ತ್ರ ಮಾಡಿದವರಿಗೆ ಇದು ಹೊಳೆದೇ ಇರಲಿಲ್ಲ.

ಹಬ್ಬದ ದಿನ ಬೆಳಿಗ್ಗೆ ಬೋರಮ್ಮ ಒಂದು ಕಂಕುಳಲ್ಲಿ ಹಿಟ್ಟಿನ ಪಾತ್ರೆ, ಇನ್ನೊಂದರಲ್ಲಿ ಚಕ್ಕುಲಿ ಒರಳು ಇಟ್ಟುಕೊಂಡು ಯುದ್ಧಕ್ಕೆ ಹೊರಟವಳಂತೆ ಬೇಕರಿ ಮೆಟ್ಟಿಲು ಹತ್ತಿದಳು.

"ಚಕ್ಲೀನ ಕರೀತಾರಮ್ಮ" ಎಂದ ನಂಜುಂಡಪ್ಪ.

"ನಾನು ಬೇಯಿಸ್ತೀನಿ."

"ಹಿಟ್ಟಿಗೆ ಬೆಣ್ಣೆ ಹಾಕಿದೀರಾ?"

"ಇಲ್ಲ."

"ಬಿಸಿ ಎಣ್ಣೆ?"

"ಅದೂ ಇಲ್ಲ. ಹಗುರ."

"ಒಂದು ಸೌಟು ಡಾಲ್ಡಾ ನಾನೇ ಹಾಕ್ತೀನಿ ತಾಯಿ. ದುಡ್ಡು ಬೇಡ."

"ಒಂದು ತೊಟ್ಟು ಬಿತ್ತು ಅಂದ್ರೆ ನಾನು ಇಲ್ಲಿಂದ ಎದ್ದು ಹೋಗ್ತೀನಿ."

ಹೋದರೆ ಹೋಗಲಿ ಎನ್ನಲು ನಂಜುಂಡಪ್ಪನಿಗೆ ಬಾಯಿ ಬರಲಿಲ್ಲ. ಹಬ್ಬದ ದಿನ, ಗಂಡ ಸತ್ತ ಹೆಂಗಸು. ತಟ್ಟೆ ಒಳಗೆ ಹೋಯಿತು. ಕಾಲು ಗಂಟೆ ಬಿಟ್ಟು ನೋಡಿದರೆ ಚಕ್ಕುಲಿ ಹೋದ ಹಾಗೇ ಬೆಳ್ಳಗೆ ಕೂತಿದೆ.

"ಇನ್ನೂ ಇರ್ಲಿ" ಎಂದಳು ಬೋರಮ್ಮ.

ಬನ್ನು ಒಳಗೆ ಹೋಗಿ ಉಬ್ಬಿ ಬಂತು. ಬ್ರೆಡ್ಡು ಹೋಗಿ ಬಂತು. ರಸ್ಕು ಎರಡು ಸಲ ಹೋಗಿ ಬಂತು. ಚಕ್ಕುಲಿ ಮಾತ್ರ ಜಪಕ್ಕೆ ಕೂತವರಂತೆ ಒಲೆಯೊಳಗೇ ಇತ್ತು. ಕೊನೆಗೆ ಬಣ್ಣ ಬಂತು. ಥೇಟ್ ಕರಿದ ಬಣ್ಣ. ನಂಜುಂಡಪ್ಪ ತಟ್ಟೆ ಎಳೆದಾಗ ಒಂದು ಚಕ್ಕುಲಿ ಜಾರಿ ನೆಲಕ್ಕೆ ಬಿದ್ದು, ಚಕ್ರದಂತೆ ಉರುಳಿ, ಮೆಟ್ಟಿಲಿಳಿದು ರಸ್ತೆಗೆ ಹೋಯಿತು. ಅದರ ಮೇಲೆ ಒಂದು ಸೈಕಲ್ಲು ಹಾಯಿತು. ಸೈಕಲ್ಲಿನವನು ಓಲಾಡಿ ಕಾಲು ಕೊಟ್ಟು ನಿಂತ. ಚಕ್ಕುಲಿಗೆ ಏನೂ ಆಗಿರಲಿಲ್ಲ.

"ಗಟ್ಟಿ ಆಗಿದೆ ಅಮ್ಮ" ಎಂದ ನಂಜುಂಡಪ್ಪ ಮೆಲ್ಲಗೆ.

"ಗರಿಗರಿ ಅನ್ನಿ."

ಒಂದನ್ನು ಮುರಿದು ಬಾಯಿಗೆ ಹಾಕಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೋದವರಿಗೆ ಎಡೆ ಇಡುವ ಮುಂಚೆ ರುಚಿ ನೋಡುವ ಹಾಗಿಲ್ಲ. ಬಾಣಲೆಯ ಶಾಸ್ತ್ರವನ್ನು ಹಿಂದಿನ ಬಾಗಿಲಿನಿಂದ ದಾಟಿದ ಬೋರಮ್ಮ ಈ ಶಾಸ್ತ್ರವನ್ನು ಮಾತ್ರ ನಿಷ್ಠೆಯಿಂದ ಪಾಲಿಸಿದಳು. ಮನೆಗೆ ಬಂದು ಫೋಟೊದ ಮುಂದೆ ಎಲೆ ಹಾಕಿ, ಅನ್ನ, ಸಾರು, ಐದು ಚಕ್ಕುಲಿ ಬಡಿಸಿದಳು. ಕೆಂಚಪ್ಪ ಬಂದು ಉಂಡುಹೋಗಲಿ ಎಂದು ಬಾಗಿಲು ಎಳೆದುಕೊಂಡು ಜಗಲಿಯಲ್ಲಿ ಕೂತಳು.

ಕೂತು ಸ್ವಲ್ಪ ಹೊತ್ತಿಗೆ ಗಂಗಮ್ಮ ಬಂದಳು. ಕೈಯಲ್ಲಿ ದೊಡ್ಡ ಗಂಟು.

"ಏನೂ ತರಬೇಡ ಅಂದಿದ್ನಲ್ಲೇ?"

"ಅಣ್ಣನ ಮನೆಗೆ ಬರಿಗೈಲಿ ಬರಕ್ಕಾಗತ್ತಾ? ಕೂತಿರಿ ಅತ್ಗೆ, ಕಾಫಿ ಕಾಯಿಸ್ಕೊಂಡು ಬರ್ತೀನಿ."

ಗಂಟು ಕಂಕುಳಲ್ಲಿಟ್ಟುಕೊಂಡೇ ಒಳಗೆ ಹೋದ ಗಂಗಮ್ಮ, ಹಾಗೇ ಎರಡು ಲೋಟ ಕಾಫಿ, ಒಂದು ತಟ್ಟೆ ಚಕ್ಕುಲಿ ತಂದು ಇಟ್ಟಳು. ಬೋರಮ್ಮ ತಟ್ಟೆ ನೋಡಿದಳು. ಗಂಟು ನೋಡಿದಳು. ಅರ್ಥವಾಯಿತು. ಎರಡು ವರ್ಷದಿಂದ ಕಾದಿದ್ದ ಗಳಿಗೆ ಇದು. ಒಂದು ಚಕ್ಕುಲಿ ತೆಗೆದು ಕಚ್ಚಿದಳು. ಕಟ್ ಎಂದಿತು. ಚಕ್ಕುಲಿಯಲ್ಲ, ದವಡೆ.

"ಗಂಗಿ" ಎಂದಳು ಬೋರಮ್ಮ, ಕೆನ್ನೆ ಹಿಡಿದುಕೊಂಡು, "ಬೇಜಾರ್ ಮಾಡ್ಕೋಬೇಡ. ಇದನ್ನ ತಿನ್ನೋ ಬದ್ಲು ರುಬ್ಬೋ ಗುಂಡು ತಿನ್ಬೋದು. ಚಕ್ಲಿ ಮಾಡೋಕೂ ಕೈ ಬೇಕು ಕಣೇ. ಒಳಗೆ ಎಡೇಲಿ ನಂದಿದೆ, ತಗೊಂಡು ಬಾ. ಚಕ್ಲಿ ಅಂದ್ರೆ ಏನು ಅಂತ ತೋರಿಸ್ತೀನಿ."

ಗಂಗಮ್ಮ ಕಾಫಿ ಲೋಟ ಕೆಳಗಿಟ್ಟಳು.

"ಅದು ಎಡೇದೇ ಅತ್ಗೆ."

"ಮತ್ತೆ ಗಂಟು?"

ಗಂಗಮ್ಮ ಗಂಟು ಬಿಚ್ಚಿದಳು. ಕಡ್ಲೆಪುರಿ.

"ನನ್ನ ಹತ್ರ ಎಣ್ಣೆ ಎಲ್ಲಿತ್ತು? ಕ್ಯೂನಲ್ಲಿ ನಿಂತು ನಿಂತು ಸಾಕಾಯ್ತು. ಡಬ್ಬಿ ಕೇಳಿದ್ದು ಅದಕ್ಕೇ. ನೀವು ಹಗುರ ಹಗುರ ಅಂದ್ರಲ್ಲ, ಪುರಿ ತಂದೆ."

ಬೋರಮ್ಮನಿಗೆ ನೆಲ ಬಾಯಿ ಬಿಡಲಿ ಅನ್ನಿಸಿತು. ಗಂಗಮ್ಮ ತಾನೂ ಒಂದು ಚಕ್ಕುಲಿ ಬಾಯಿಗಿಟ್ಟು ಬಹಳ ಹೊತ್ತು ಅಗಿದಳು. ಅಗಿಯುತ್ತಾ ಅಗಿಯುತ್ತಾ ಅವಳ ಕಣ್ಣಲ್ಲಿ ನೀರು ಬಂತು.

"ಹಲ್ಲು ಹೋಯ್ತಾ?" ಎಂದಳು ಬೋರಮ್ಮ ಗಾಬರಿಯಿಂದ.

"ಇಲ್ಲ. ಕೊನೆಗೂ ನಿಮ್ಮ ಚಕ್ಲಿ ಗಟ್ಟಿ ಆಯ್ತು. ಅಣ್ಣ ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ದ. ಪ್ರತಿ ವರ್ಷ ನಮ್ಮನೇಲಿ ಕೂತು ಅಂತಿದ್ದ. ಬೋರಿ ಚಕ್ಲಿ ಹತ್ತಿ ಕಣಮ್ಮ, ಹಲ್ಲಿಗೆ ಸಿಗೋದೇ ಇಲ್ಲ. ಚಕ್ಲಿ ಅಂದ್ರೆ ನಿಂದೇ ಚಕ್ಲಿ ಅಂತ."

ಜೋಪಾನ ಮಾಡಿದ್ದ ಒಡವೆಯ ಗಿಲೀಟು ಜಗಲಿಯ ಮೇಲೇ ಬಿಟ್ಟಿತು. ಬೋರಮ್ಮ ಎದ್ದು ಒಳಗೆ ಹೋಗಿ ಫೋಟೊದ ಮುಂದೆ ನಿಂತಳು.

"ಎರಡೂ ಮನೇಲಿ ತಿಂದು ಹೋದ್ರಲ್ಲ."

ಹಿಂದೆ ಬಂದ ಗಂಗಮ್ಮನಿಗೆ ಅವನು ಇಲ್ಲಿ ಏನು ಹೇಳಿದ್ದ ಎಂದು ತಿಳಿಸಬೇಕಾಯಿತು. ಕಲ್ಲು ಎಂದದ್ದು, ಹಲ್ಲು ನುಂಗಿದ್ದು ಎಲ್ಲ. ಗಂಗಮ್ಮ ಮೊದಲು ಮುಖ ಊದಿಸಿಕೊಂಡಳು. ಆಮೇಲೆ ಸೆರಗು ಬಾಯಿಗೆ ತುರುಕಿಕೊಂಡಳು. ಆಮೇಲೆ ಇಬ್ಬರಿಗೂ ತಡೆಯಲಾಗಲಿಲ್ಲ. ಏಳು ತಿಂಗಳಿಂದ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ನಗು ಮುಗಿದ ಮೇಲೆ ಕಣ್ಣು ಒರೆಸಿಕೊಳ್ಳಲು ಇಬ್ಬರಿಗೂ ಬಹಳ ಹೊತ್ತು ಬೇಕಾಯಿತು.

ಸಂಜೆ ಬೋರಮ್ಮ ತಾನೇ ಎಣ್ಣೆ ಡಬ್ಬಿ ಎತ್ತಿ ಗಂಗಮ್ಮನ ಕಂಕುಳಿಗೆ ಕೊಟ್ಟಳು.

"ತಗೊಂಡು ಹೋಗು. ಕಲ್ಲೋ ಹತ್ತಿನೋ, ಏನಾದ್ರೂ ಕರಿ. ಎರಡು ಸೋಪೂ ತಗೋ."

ಗಂಗಮ್ಮ ಮೆಟ್ಟಿಲಿಳಿದು, ಏನೋ ನೆನಪಾದವಳಂತೆ ತಿರುಗಿ ನಿಂತಳು.

"ಮಿಕ್ಕ ಚಕ್ಲೀನ ಎಸೀಬೇಡಿ ಅತ್ಗೆ. ಈಗ್ಲೇ ನೀರಲ್ಲಿ ನೆನೆಹಾಕಿ. ವರ್ಷ ತುಂಬೋ ಹೊತ್ಗೆ ಮೆತ್ತಗಾಗ್ತವೆ."