ಕುದುರೆ ಕಲ್ಲಿಗೆ ಹೂ ಕೇಳಿದ್ದು

ನನಗೆ ರೇಸಿನ ಹುಚ್ಚಿತ್ತು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕುಡಿತದ ಹುಚ್ಚಾದರೆ ಬೀದಿಯಲ್ಲಿ ಬಿದ್ದಾಗ ಎತ್ತಿ ತರಲು ನಾಲ್ಕು ಜನ ಸಿಗುತ್ತಾರೆ. ಇಸ್ಪೀಟಿನ ಹುಚ್ಚಾದರೆ ಬುದ್ಧಿ ಹೇಳಲು ಬಂದವರೇ ಒಂದು ಕೈ ಕೂತುಬಿಡುತ್ತಾರೆ. ರೇಸಿನವನಿಗೆ ಆ ಭಾಗ್ಯವಿಲ್ಲ. ಎಪ್ಪತ್ತರ ದಶಕದ ಕಡೂರಿನಲ್ಲಿ ಕುದುರೆ ಎಂದರೆ ಸ್ಟೇಷನ್ನಿನ ಮುಂದೆ ತೂಕಡಿಸುತ್ತಾ ನಿಂತಿರುತ್ತಿದ್ದ ಜಟಕಾ ಕುದುರೆ ಮಾತ್ರ. ಅದನ್ನು ಕಂಡವರಿಗೆ ಒಂದು ಕುದುರೆ ಇನ್ನೊಂದಕ್ಕಿಂತ ಬೇಗ ಓಡೀತು ಎಂಬ ನಂಬಿಕೆ ಬರುವ ಹಾಗಿರಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಪಹಣಿ ನಕಲು ಮಾಡಿಕೊಂಡಿದ್ದ ಗುಮಾಸ್ತ ನಾನು. ವಾರ ವಾರ ಬೆಂಗಳೂರಿನ ರೈಲು ಹತ್ತುವುದು ಕುದುರೆಗಾಗಿ ಎಂದರೆ ನನ್ನ ಹೆಂಡತಿ ಸರೋಜಳೇ ನಂಬಲಿಲ್ಲ. ಅಲ್ಲೆಲ್ಲೋ ಇನ್ನೊಂದು ಸಂಸಾರವಿರಬೇಕೆಂದು ಅವಳ ಅನುಮಾನ. ಕೊನೆಗೆ ಜೇಬಿನಲ್ಲಿ ರೇಸ್ ಪುಸ್ತಕ ಸಿಕ್ಕಿದ ದಿನ ಕೂತು ಅತ್ತಳು. ಹೆಂಗಸಾಗಿದ್ದರೆ ಹೋಗಿ ಜಗಳವಾಡಿ ಬಿಡಿಸಬಹುದಿತ್ತು, ಕುದುರೆಯ ಹತ್ತಿರ ಏನೆಂದು ಜಗಳವಾಡಲಿ ಎಂಬುದು ಅವಳ ಸಂಕಟವಾಗಿತ್ತು.

ಈ ಹುಚ್ಚಿನಲ್ಲಿ ನನಗೆ ಜೊತೆಯಾಗಿದ್ದವನು ಗಂಗಾಧರ ಒಬ್ಬನೇ. ಅಜ್ಜಂಪುರದಲ್ಲಿ ಈರುಳ್ಳಿ ಮಂಡಿ ಇಟ್ಟಿದ್ದ. ಮಠಕ್ಕೆ ನಡೆದುಕೊಳ್ಳುವ ಮನೆತನ, ಹಣೆ ತುಂಬ ವಿಭೂತಿ. ಪ್ರೈಮರಿ ಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಮಣೆಯ ಮೇಲೆ ಕೂತವರು. ರೈಲು ಮೊದಲು ಅವನ ಊರಿಗೆ ಬಂದು, ಬೀರೂರು ದಾಟಿ ನಮ್ಮೂರಿಗೆ ಬರುತ್ತಿತ್ತು. ಅಷ್ಟರಲ್ಲಿ ಅವನು ಪಕ್ಕದಲ್ಲಿ ಟವೆಲ್ ಹಾಸಿ ನನಗೆ ಜಾಗ ಹಿಡಿದಿರುತ್ತಿದ್ದ. ಆ ಟವೆಲ್ಲಿಗಾಗಿ ಅವನು ಎಷ್ಟು ಜನರ ಹತ್ತಿರ ಬೈಸಿಕೊಂಡಿದ್ದಾನೋ ಲೆಕ್ಕವಿಲ್ಲ. ವಾಪಸು ಬರುವಾಗ ಗೆದ್ದವನು ಸೋತವನಿಗೆ ಅರಸೀಕೆರೆಯಲ್ಲಿ ಕಾಫಿ ಕೊಡಿಸಬೇಕೆಂದು ನಮ್ಮೊಳಗೆ ಕಟ್ಟಳೆ. ಬಹಳ ವಾರ ಇಬ್ಬರೂ ಸೋತು, ಅರಸೀಕೆರೆ ಬಂದಾಗ ಇಬ್ಬರೂ ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆವು.

ರೇಸಿಗೆ ಹೋಗುವವನಿಗೆ ಲೋಕದ ಎಲ್ಲ ವಿಷಯದ ಮೇಲೂ ಖಚಿತವಾದ ಅಭಿಪ್ರಾಯವಿರುತ್ತದೆ, ಯಾವ ಕುದುರೆ ಗೆಲ್ಲುತ್ತದೆ ಎನ್ನುವುದೊಂದನ್ನು ಬಿಟ್ಟು. ಐದು ದಿನ ಆಡಿ, ಊಟ ಮಾಡಿ, ಟೀ ಕುಡಿದು, ಕೊನೆಗೆ ಯಾರೂ ಗೆಲ್ಲದೆ ಕೈ ಕುಲುಕಿ ಮನೆಗೆ ಹೋಗುವ ಕ್ರಿಕೆಟ್ಟನ್ನು ನಾನು ಆಟವೆಂದು ಒಪ್ಪಿದವನೇ ಅಲ್ಲ. ಅದು ನಮ್ಮ ಕಚೇರಿಯ ಕೆಲಸದಂಥದ್ದು. ನಮ್ಮ ಕಡೆಯ ಎತ್ತಿನ ಗಾಡಿ ಓಟದ ಮೇಲೆ ನನಗೆ ಗೌರವವಿದೆ. ಅಲ್ಲಿ ಸೋತ ಎತ್ತಿಗೂ ಸಂಜೆ ಮೈ ತೊಳೆದು ಹಿಂಡಿ ಇಡುತ್ತಾರೆ. ಇನ್ನು ರಾಜಕೀಯ. ರೇಸಿನಲ್ಲಿ ಜಾಕಿಯನ್ನು ಓಟಕ್ಕೆ ಮುಂಚೆ ಒಂದು ಸಲ, ಓಟವಾದ ಮೇಲೆ ಒಂದು ಸಲ ತಕ್ಕಡಿಯಲ್ಲಿ ಕೂರಿಸಿ ತೂಗುತ್ತಾರೆ. ನಮ್ಮ ಮೆಂಬರುಗಳನ್ನೂ ಅಧ್ಯಕ್ಷರನ್ನೂ ಹೀಗೆ ಗೆಲ್ಲುವ ಮುಂಚೆ ಮತ್ತು ಇಳಿಯುವಾಗ ತೂಗುವ ಕಾನೂನು ಬಂದರೆ ದೇಶ ತಾನಾಗಿ ಉದ್ಧಾರವಾಗುತ್ತದೆ ಎಂದು ನಾನು ಎಷ್ಟೋ ಸಲ ರೈಲಿನಲ್ಲಿ ಭಾಷಣ ಮಾಡಿದ್ದೇನೆ. ಗಂಗಾಧರ ತಲೆದೂಗುತ್ತಿದ್ದ. ಅವನು ಆಗಲೇ ಒಳಗೊಳಗೆ ಚುನಾವಣೆಗೆ ನಿಲ್ಲುವ ಆಸೆ ಇಟ್ಟುಕೊಂಡಿದ್ದಾನೆಂದು ನನಗೆ ಗೊತ್ತಿರಲಿಲ್ಲ.

ಈಗ ಕಲ್ಲಿನ ವಿಷಯಕ್ಕೆ ಬರುತ್ತೇನೆ. ಬೀರೂರು ದಾಟಿ ಅಜ್ಜಂಪುರಕ್ಕೆ ಹೋಗುವ ಬಸ್ಸಿನ ದಾರಿಯ ಪಕ್ಕದಲ್ಲಿ ನಮ್ಮ ತಂದೆ ಬಿಟ್ಟುಹೋದ ಎರಡೆಕರೆ ಹೊಲವಿದೆ. ಅದರ ಬದುವಿನ ಮೇಲೆ ಆಳೆತ್ತರದ ಒಂದು ವೀರಗಲ್ಲು. ಕುದುರೆಯ ಮೇಲೆ ಕೂತು ಕತ್ತಿ ಎತ್ತಿದ ಒಬ್ಬ ಸವಾರ, ಅವನ ಮೇಲಿನ ಪಟ್ಟಿಯಲ್ಲಿ ಅವನನ್ನು ಕೈ ಹಿಡಿದು ಕರೆದೊಯ್ಯುವ ಇಬ್ಬರು ಹೆಂಗಸರು, ತುದಿಯಲ್ಲಿ ಲಿಂಗ. ಮಳೆ ಗಾಳಿಗೆ ಸವಾರನ ಮುಖ ಸವೆದು ನುಣ್ಣಗಾಗಿತ್ತು, ಕುದುರೆಯ ಕಣ್ಣು ಮಾತ್ರ ನಿನ್ನೆ ಕೆತ್ತಿದ ಹಾಗಿತ್ತು. ನಮ್ಮಲ್ಲಿ ಹೆಣ್ಣು ತರಬೇಕಾದರೆ, ಬಾವಿ ತೋಡಿಸಬೇಕಾದರೆ ದೇವರಿಗೆ ಹೂ ಕೇಳುವ ಪದ್ಧತಿಯಿದೆ. ಒದ್ದೆ ಮಾಡಿದ ಹೂವಿನ ಎಸಳುಗಳನ್ನು ವಿಗ್ರಹಕ್ಕೆ ಅಂಟಿಸಿ ಕಾದರೆ, ಯಾವುದು ಮೊದಲು ಬೀಳುತ್ತದೋ ಅದು ದೇವರ ಉತ್ತರ. ಕುದುರೆಗಾಗಿ ದೇವಸ್ಥಾನದಲ್ಲಿ ಹೂ ಕೇಳಲು ನನಗೆ ನಾಚಿಕೆ. ಯಾವ ಕಾರ್ಯಕ್ಕೆ ಎಂದು ಪೂಜಾರಿ ಕೇಳಿದರೆ ಏನು ಹೇಳುವುದು? ಒಂದು ದಿನ ಹೊಲ ನೋಡಲು ಹೋದವನಿಗೆ, ಕುದುರೆಯ ವಿಷಯ ಕುದುರೆ ಏರಿದವನನ್ನೇ ಕೇಳಿದರಾಯಿತು ಎಂದು ಹೊಳೆಯಿತು. ಬೇಲಿಯ ಕಣಗಿಲೆ ಕಿತ್ತು, ಎಸಳಿಗೊಂದು ಕುದುರೆಯ ಹೆಸರು ಹೇಳಿ, ಏಳು ಎಸಳು ಅಂಟಿಸಿ ಕೂತೆ.

ನಡುಮಧ್ಯಾಹ್ನ. ಒಂದು ಎಲೆ ಅಲ್ಲಾಡುವಷ್ಟೂ ಗಾಳಿಯಿರಲಿಲ್ಲ. ಸುಮಾರು ಹೊತ್ತಾದ ಮೇಲೆ ಮೂರನೆಯ ಎಸಳು ಕಳಚಿತು. ನೇರ ಕೆಳಗೆ ಬೀಳಬೇಕಾದದ್ದು ಅಡ್ಡಕ್ಕೆ ಸರಿದು, ಕೆತ್ತಿದ ಕುದುರೆಯ ಎತ್ತಿದ ಮುಂಗಾಲಿನ ಕೆಳಗೆ, ಯಾರೋ ಇಟ್ಟಂತೆ ಕೂತಿತು. ಅದೇ ಹೊತ್ತಿಗೆ ಬೆವರಿದ ಕುದುರೆಯ ವಾಸನೆ ಬಂತು. ರೇಸಿನ ಮೈದಾನದ ಕಟಕಟೆಗೆ ಒರಗಿ ನಿಂತವನಿಗೆ ಆ ವಾಸನೆ ಚೆನ್ನಾಗಿ ಗೊತ್ತು. ಸುತ್ತ ನೋಡಿದೆ. ಹರಿದಾರಿಯವರೆಗೆ ಒಂದು ಕುದುರೆಯೂ ಇರಲಿಲ್ಲ. ಮೈ ಜುಮ್ಮೆಂದಿತು, ನಿಜ. ಆದರೆ ಆ ಶನಿವಾರ ‘ಸಂಡೇ ಕಾಫಿ’ ಎಂಬ ಆ ಮೂರನೆಯ ಕುದುರೆ ಎಲ್ಲರನ್ನೂ ಹಿಂದೆ ಹಾಕಿ ಬಂದಾಗ, ಜುಮ್ಮೆಂದದ್ದೆಲ್ಲ ಮರೆತುಹೋಯಿತು. ಗೆಲ್ಲಿಸುವ ದೆವ್ವವನ್ನು ದೆವ್ವವೆನ್ನಲು ಮನುಷ್ಯನಿಗೆ ನಾಲಿಗೆ ಬರುವುದಿಲ್ಲ. ಆ ಸೀಸನ್ನಿನಲ್ಲಿ ನಾಲ್ಕು ಸಲ ಹೂ ಕೇಳಿದೆ, ನಾಲ್ಕು ಸಲವೂ ಕಲ್ಲು ಹೇಳಿದ್ದೇ ಆಯಿತು. ಗಂಗಾಧರನಿಗೂ ತೋರಿಸಿದೆ. ಅವನು ಭಕ್ತಿಯಿಂದ ಕಲ್ಲಿಗೆ ವಿಭೂತಿ ಹಚ್ಚಿ ಕೈ ಮುಗಿದ.

ಮಾರನೆಯ ವರ್ಷ ಎಣ್ಣೆಕಾಳು ಬೆಳೆಗಾರರ ಸಂಘದ ಅಧ್ಯಕ್ಷಗಿರಿಗೆ ಚುನಾವಣೆ ಬಂತು. ಎರಡೆಕರೆಯ ದೆಸೆಯಿಂದ ನಾನೂ ಅದರ ಸದಸ್ಯ. ಗಂಗಾಧರ ನಿಂತ, ಅವನೆದುರು ಅಕ್ಕಿ ಗಿರಣಿಯ ಯಜಮಾನರು ನಿಂತರು. ಕಲ್ಲು ಕೇಳೋಣ ಎಂದವನು ನಾನೇ. ಎರಡೇ ಎಸಳು. ಗಂಗಾಧರನ ಎಸಳು ಅಂಟಿಸಿ ಕೈ ತೆಗೆಯುವ ಮುಂಚೆಯೇ ಬಿತ್ತು. ಅವನು ನನ್ನನ್ನು ಅಪ್ಪಿಕೊಂಡ. ಆಗ ಬಂದ ಬೆವರಿನ ವಾಸನೆ ಎಷ್ಟು ಗಾಢವಾಗಿತ್ತೆಂದರೆ, ನಾನು ಹಿಂದಕ್ಕೆ ತಿರುಗಿ ದಾರಿ ಬಿಟ್ಟು ನಿಂತೆ.

ಅದಾದ ಶನಿವಾರ ಗಂಗಾಧರ ಪ್ರಚಾರದಲ್ಲಿದ್ದುದರಿಂದ ನಾನೊಬ್ಬನೇ ರೇಸಿಗೆ ಹೋದೆ. ಸಂಡೇ ಕಾಫಿಯ ಹೆಸರು ಪುಸ್ತಕದಲ್ಲಿ ಕಾಣದೆ ಬಹಳ ದಿನವಾಗಿತ್ತು. ಕುದುರೆ ನೋಡಿಕೊಳ್ಳುವ ಒಬ್ಬ ಮುದುಕ ನನಗೆ ಪರಿಚಯ, ಅವನನ್ನು ಕೇಳಿದೆ. ಗೆದ್ದ ಮುಂದಿನ ವಾರವೇ ಬೆಳಗಿನ ಓಟದಲ್ಲಿ ಬಿದ್ದು ಮುಂಗಾಲು ಮುರಿಯಿತು, ಗುಂಡು ಹಾಕಿ ಮುಗಿಸಿದರು ಎಂದ. ಸುಮ್ಮನೆ ಕಲ್ಲು ಗೆಲ್ಲಿಸಿದ ಎರಡನೆಯ ಕುದುರೆಯ ಹೆಸರು ಹೇಳಿದೆ. ಅದಕ್ಕೂ ಮುಂಗಾಲು. ಮೂರನೆಯದಕ್ಕೂ. ನಾಲ್ಕನೆಯ ಹೆಸರನ್ನು ನಾನು ಕೇಳುವ ಮುಂಚೆ ಅವನೇ ಹೇಳಿದ. ಆ ದಿನ ನಾನು ಒಂದೂ ಓಟ ನೋಡದೆ ಸ್ಟೇಷನ್ನಿಗೆ ಬಂದು ಕೂತೆ. ನನ್ನ ರೇಸಿನ ಜೀವನದಲ್ಲಿ ಕೈಯಲ್ಲಿ ದುಡ್ಡು ಉಳಿಸಿಕೊಂಡು ಬಂದದ್ದು ಅದೇ ಮೊದಲು.

ಮಾರನೆಯ ದಿನ ಮೊದಲ ಬಸ್ಸಿಗೆ ಹೊಲಕ್ಕೆ ಹೋದೆ. ಅಲ್ಲಿ ಕುರಿ ಮೇಯಿಸುವ ತಿಪ್ಪಜ್ಜ ನನ್ನನ್ನು ಚಿಕ್ಕಂದಿನಿಂದ ಬಲ್ಲವನು. ಹೂ ಕೇಳಿದ್ದನ್ನೆಲ್ಲ ಅವನಿಗೆ ಒಪ್ಪಿಸಿದೆ. ಅವನು ಬೈಯಲಿಲ್ಲ, ನಗಲೂ ಇಲ್ಲ.

“ಸತ್ತೋನ ಕಲ್ಲಿಗೆ ಯಾರಾದ್ರೂ ಹೂ ಕೇಳ್ತಾರೇನಪ್ಪಾ?” ಎಂದ. “ದೇವರಾದ್ರೆ ಯಾರು ಗೆಲ್ತಾರೆ ಅಂತ ಹೇಳ್ತಿತ್ತು. ಇವನಿಗೆ ಬಿದ್ದಿದ್ದೊಂದೇ ಗೊತ್ತಿರೋದು. ಬಿದ್ದೋನೇ ಗೆದ್ದೋನು ಅಂತ್ಲೇ ಅಲ್ವಾ ಅವನಿಗೆ ಕಲ್ಲು ನಿಲ್ಸಿರೋದು. ತನ್ನ ತಾವ ಮುಂದೆ ಯಾರು ಬತ್ತಾರೆ, ಅದನ್ನ ಹೇಳ್ತಾನೆ.”

ಇಷ್ಟು ವರ್ಷ ಪಹಣಿಯಲ್ಲಿ ಯಾರ ಹೊಲ ಯಾರದ್ದೆಂದು ಬರೆದವನು ನಾನು. ನನ್ನ ಹೊಲದ ಕಲ್ಲು ಯಾರದ್ದೆಂದು ಕೇಳುವ ಬುದ್ಧಿ ನನಗಿರಲಿಲ್ಲ. ಕುದುರೆಗಳೆಲ್ಲ ಬಿದ್ದದ್ದು ಗೆದ್ದ ಮೇಲೆ, ಗಂಗಾಧರ ಗೆಲ್ಲದಿದ್ದರೆ ಉಳಿದಾನು ಎಂದುಕೊಂಡು ಅಲ್ಲಿಂದ ನೇರವಾಗಿ ಮಂಡಿಗೆ ಹೋದೆ. ಈರುಳ್ಳಿ ಚೀಲಗಳ ಮಧ್ಯೆ ಗಂಗಾಧರ ಹತ್ತು ಜನಕ್ಕೆ ಟೀ ಕೊಡಿಸುತ್ತಾ ಕೂತಿದ್ದ. ಒಳಗೆ ಕರೆದು, ಹೆಸರು ವಾಪಸು ತೆಗೆದುಕೋ ಎಂದು ಬೇಡಿಕೊಂಡೆ. ಕುದುರೆಗಳ ಕಥೆ ಹೇಳಿದೆ, ತಿಪ್ಪಜ್ಜ ಹೇಳಿದ್ದನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ಮಾತು ನನಗೇ ಹುಚ್ಚರ ಮಾತಿನಂತೆ ಕೇಳತೊಡಗಿತು. ಅವನು ನನ್ನ ಮುಖವನ್ನೇ ನೋಡಿ, ತಣ್ಣಗೆ ಒಂದೇ ಮಾತು ಕೇಳಿದ.

“ಗಿರಣಿಯೋನು ಎಷ್ಟು ಕೊಟ್ಟ ಕಣೋ?”

ನಾನು ಸುಳ್ಳು ಹೇಳುತ್ತಿದ್ದಾಗಲೆಲ್ಲ ನನ್ನನ್ನು ನಂಬಿದವನು ಅವನು. ನಿಜ ಹೇಳಿದ ದಿನ ನಂಬಲಿಲ್ಲ. ಎಷ್ಟು ಅಳು ಬಂತೆಂದರೆ, ಈರುಳ್ಳಿ ಮಂಡಿಯಾಗಿದ್ದರಿಂದ ಮರ್ಯಾದೆ ಉಳಿಯಿತು.

ಚುನಾವಣೆಯ ದಿನ ಚೀಟಿ ಕೈಗೆ ತೆಗೆದುಕೊಂಡು ಮರೆಗೆ ಹೋದೆ. ಅವನ ಹೆಸರೇ ಮೊದಲಿತ್ತು. ಮುದ್ರೆಯನ್ನು ಎಷ್ಟು ಹೊತ್ತು ಹಿಡಿದುಕೊಂಡು ನಿಂತಿದ್ದೆನೋ, ಹೊರಗಿನಿಂದ ಯಾರೋ ಕೆಮ್ಮಿದರು. ಗಿರಣಿಯವರ ಹೆಸರಿನ ಮೇಲೆ ಒತ್ತಿ ಬಂದೆ. ಸಂಜೆ ಎಣಿಸಿದರು. ಗಂಗಾಧರ ಒಂದೇ ಒಂದು ಓಟಿನಲ್ಲಿ ಸೋತ. ಚೀಲ ನೋಡಿಯೇ ತೂಕ ಹೇಳುವ ಮಂಡಿಯವನು ಅವನು. ಆ ಓಟು ಯಾರದ್ದೆಂದು ಲೆಕ್ಕ ಹಾಕಲು ಅವನಿಗೆ ಕಷ್ಟವಾಗಲಿಲ್ಲ. ಎಲ್ಲರ ಮುಂದೆ ನನ್ನ ಹತ್ತಿರ ಬಂದು, ಹೆಗಲ ಮೇಲಿನ ಟವೆಲ್ ಕೊಡವಿಕೊಂಡು ಹೋದ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವತ್ತಿನಿಂದ ಕಡೂರಿನಲ್ಲಿ ರೈಲಿಗೆ ಕಾದು ನಿಂತು ಟವೆಲ್ಲಿನ ಜಾಗ ಹುಡುಕುವ ಗೋಜೇ ನನಗೆ ಉಳಿಯಲಿಲ್ಲ. ರೇಸೂ ಬಿಟ್ಟುಹೋಯಿತು. ಸರೋಜ ಅದು ತನ್ನ ಸೋಮವಾರದ ವ್ರತದ ಫಲ ಎಂದುಕೊಂಡಳು, ನಾನು ತಿದ್ದಲು ಹೋಗಲಿಲ್ಲ.

ಆದರೆ ಗೆಳೆಯನನ್ನು ಕಳೆದುಕೊಂಡ ಮೇಲೆ, ಅವನನ್ನು ಉಳಿಸಿಕೊಂಡೆನೋ ಇಲ್ಲವೋ ಎನ್ನುವುದಾದರೂ ತಿಳಿಯಬೇಡವೇ? ವಾರ ಕಾದು, ಧೈರ್ಯ ಮಾಡಿ ಮತ್ತೆ ಕಲ್ಲಿನ ಹತ್ತಿರ ಹೋದೆ. ಸರಿಯಾಗಿ ಹೂ ಕೇಳಬೇಕಾದರೆ ಕಡಿಮೆಯೆಂದರೆ ಎರಡು ಎಸಳು ಬೇಕು. ಒಂದನ್ನು ಗಂಗಾಧರನ ಹೆಸರಿನಲ್ಲಿ ಅಂಟಿಸಿದೆ. ಇನ್ನೊಂದಕ್ಕೆ ಯಾರ ಹೆಸರು ಹೇಳುವುದು? ಬೇರೆ ಯಾರ ಹೆಸರು ಹೇಳಲು ನನಗೇನು ಹಕ್ಕು? ನನ್ನದನ್ನೇ ಹೇಳಿ ಅಂಟಿಸಿದೆ. ಅವನದು ಬೀಳದಿರಲಿ ಎಂದು ಕೈ ಮುಗಿದೆ. ಮುಗಿದ ಮೇಲೆ, ಹಾಗಾದರೆ ಬೀಳಬೇಕಾದದ್ದು ಯಾವುದು ಎಂಬ ಗಣಿತ ತಲೆಗೆ ಹೋಯಿತು. ಬೆವರಿನ ವಾಸನೆ ಮೆಲ್ಲಗೆ ಬರತೊಡಗಿತ್ತು. ನಾನು ಕಲ್ಲಿಗೆ ಬೆನ್ನು ತಿರುಗಿಸಿ, ಎಲ್ಲೂ ನಿಲ್ಲದೆ, ರಸ್ತೆಗೆ ಬಂದು ಬಸ್ಸು ಹತ್ತಿದೆ.

ಹತ್ತು ವರ್ಷ ಕಳೆಯಿತು. ಮೊನ್ನೆ ತರೀಕೆರೆಯ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತಿದ್ದೆ, ಎದುರಿನ ಕುರ್ಚಿಗೆ ಗಂಗಾಧರ ಬಂದು ಕೂತ. ಕೂದಲು ಬೆಳ್ಳಗಾಗಿದೆ, ಆಳು ಕಲ್ಲುಗುಂಡಿನ ಹಾಗಿದ್ದಾನೆ. ನಾನೇ ಕಾಫಿಗೆ ಹೇಳಿದೆ. ಅವನು ಅರ್ಧ ಲೋಟ ಕುಡಿದು ಕೆಳಗಿಟ್ಟ.

“ನಿನ್ನದೊಂದು ಓಟು ಬಿದ್ದಿದ್ರೆ ಗೆದ್ದುಬಿಡ್ತಿದ್ದೆ ಕಣೋ” ಎಂದ.

“ಹೂಂ ಕಣೋ, ಗೆದ್ದುಬಿಡ್ತಿದ್ದೆ” ಎಂದೆ ನಾನು.

ಅವನು ಲೋಟ ಖಾಲಿ ಮಾಡಿದ. ಆಮೇಲೆ ಇಬ್ಬರ ಕಾಫಿಗೂ ತಾನೇ ದುಡ್ಡು ಕೊಟ್ಟು, ಅಜ್ಜಂಪುರಕ್ಕೆ ಬಂದು ಹೋಗು ಎಂದು ಹೇಳಿ ಎದ್ದುಹೋದ. ಹೋಗಬೇಕು, ಹೋಗುತ್ತೇನೆ. ಅಲ್ಲಿಗೆ ಹೋಗುವ ಬಸ್ಸಿನಲ್ಲಿ ನಮ್ಮ ಹೊಲ ಎಡಗಡೆ ಸಿಗುತ್ತದೆ, ಅದಕ್ಕೆ ನಾನು ಯಾವಾಗಲೂ ಬಲಗಡೆ ಸೀಟು ಹುಡುಕುತ್ತೇನೆ. ಬಿಸಿಲಿರಲಿ, ಮಳೆ ಹೊಡೆಯಲಿ, ಕಂಡಕ್ಟರು ಎಷ್ಟಾದರೂ ಗೊಣಗಲಿ. ಮೂರು ಕಾಸಿನ ಕುದುರೆ ಎಷ್ಟನೆಯದಾಗಿ ಬಂತೆಂದು ತಿಳಿಯಲು ರೈಲು ತಪ್ಪಿಸಿಕೊಂಡು ನಿಂತವನು ನಾನು. ನಾನೇ ಓಡಿದ ಆ ಎರಡು ಎಸಳಿನ ಓಟದಲ್ಲಿ ಯಾರು ಮೊದಲು ಬಂದರೆಂದು ಇವತ್ತಿಗೂ ವಿಚಾರಿಸಲು ಹೋಗಿಲ್ಲ.